ಅಮ್ಮನ ಜೊತೆ ಯುರೋಪ್ ಪ್ರವಾಸ: ಟಿಕೆಟ್ ಜೊತೆ ಸಿಗುವ ಇನ್ಶೂರೆನ್ಸ್ ಸಾಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: 68 ವರ್ಷದ ಅಮ್ಮನ ಜೊತೆ ಎರಡು ವಾರ ಯುರೋಪಿಗೆ ಹೊರಟಿದ್ದೀರಿ, ಅವರಿಗೆ ಬಿಪಿ, ಶುಗರ್ ಎರಡೂ ಇದೆ. ಟಿಕೆಟ್ ಬುಕ್ ಮಾಡುವಾಗ ಕೆಳಗೆ ಬರುವ ಅಗ್ಗದ ಇನ್ಶೂರೆನ್ಸ್‌ಗೆ ಟಿಕ್ ಹಾಕಿಬಿಟ್ಟರೆ ಸಾಕಾ, ಬೇರೆ ತಗೊಳ್ಳಬೇಕಾ ಅಂತ ಕೇಳಿದ್ದೀರಿ. ನೀವೊಬ್ಬರೇ ಹೋಗುವುದಾಗಿದ್ದರೆ ಹೇಗೋ ನಡೆಯುತ್ತಿತ್ತು. ಅಮ್ಮನಿಗೆ ಅದು ಸಾಲುವುದು ಅನುಮಾನ.

ನಾನು ಏಜೆಂಟ್ ಅಲ್ಲ. ಎರಡು ಸಲ ಕ್ಲೇಮ್ ಹಾಕಿ, ಎರಡು ಸಲವೂ ಬರಿಗೈಲಿ ಬಂದವನು. ಮೊದಲನೇ ಸಲ ಪ್ರವಾಸ ಮುಗಿಸಿ ಊರಿಗೆ ಬಂದಾಗ ನನ್ನ ಬ್ಯಾಗ್ ಬರಲಿಲ್ಲ. ಮೂರು ದಿನ ತಡ. ಪಾಲಿಸಿಯಲ್ಲಿ '12 ಗಂಟೆಗಿಂತ ಜಾಸ್ತಿ ತಡವಾದರೆ ಹಣ' ಅಂತ ದಪ್ಪ ಅಕ್ಷರದಲ್ಲೇ ಇತ್ತು. ಖುಷಿಯಿಂದ ಫಾರಂ ತುಂಬಿ ಕಳಿಸಿದೆ. ಒಂದೇ ಸಾಲಿನ ಉತ್ತರ ಬಂತು: ಮನೆಗೆ ಮರಳುವ ಪ್ರಯಾಣಕ್ಕೆ ಇದು ಅನ್ವಯಿಸುವುದಿಲ್ಲ. ಹೊಟ್ಟೆ ಉರಿಯಿತು. ಆಮೇಲೆ ಯೋಚಿಸಿದರೆ, ಮನೆಯಲ್ಲಿ ಬೀರು ತುಂಬ ಬಟ್ಟೆ ಇರುವವನಿಗೆ ಹೊಸ ಅಂಗಿ ಕೊಳ್ಳಲು ಯಾರು ದುಡ್ಡು ಕೊಡ್ತಾರೆ? ಎರಡನೇ ಸಲ ಮೆಟ್ಟಿಲ ಮೇಲೆ ಜಾರಿ ಪಾದ ಉಳುಕಿತು. ಡಾಕ್ಟರ್, ಎಕ್ಸ್‌ರೇ ಎಲ್ಲಾ ಸೇರಿ 90 ಡಾಲರ್. ನನ್ನ ಪಾಲಿಸಿಯ ಡಿಡಕ್ಟಿಬಲ್ 100 ಡಾಲರ್. ಅಂದರೆ ಮೊದಲ 100 ಡಾಲರ್ ನನ್ನ ಜೇಬಿನಿಂದಲೇ ಹೋಗಬೇಕು. ಕತೆ ಅಲ್ಲಿಗೆ ಮುಗಿಯಿತು.

ಎರಡೂ ಕಡೆ ಕಂಪನಿ ಮೋಸ ಮಾಡಲಿಲ್ಲ. ನಾನು ಮೊದಲ ಪುಟ ಓದಿದ್ದೆ, ಹನ್ನೊಂದನೇ ಪುಟ ಓದಿರಲಿಲ್ಲ, ಅಷ್ಟೇ. ಅಂದಿನಿಂದ ಪಾಲಿಸಿಯನ್ನು ಹಿಂದಿನಿಂದ ಓದುವ ಅಭ್ಯಾಸ ಮಾಡಿಕೊಂಡಿದ್ದೇನೆ. ಮೊದಲು 'ಏನೇನು ಕೊಡುವುದಿಲ್ಲ' ಅನ್ನುವ ಪಟ್ಟಿ, ಆಮೇಲೆ ಉಳಿದದ್ದು.

ನಿಮ್ಮ ವಿಷಯದಲ್ಲಿ ಆ ಪಟ್ಟಿಯ ಮುಖ್ಯ ಸಾಲು 'ಪ್ರೀ-ಎಕ್ಸಿಸ್ಟಿಂಗ್' ಕಾಯಿಲೆಯದು. ಪಾಲಿಸಿ ತಗೊಳ್ಳುವ ಮುಂಚೆಯೇ ಇದ್ದ ಕಾಯಿಲೆ ಅಂತ ಅರ್ಥ. ಬಿಪಿ, ಶುಗರ್ ಎರಡೂ ಇದರಲ್ಲಿ ಬರುತ್ತವೆ. ತೊಂದರೆ ಏನೆಂದರೆ, ಇದು ಬರೀ ಬಿಪಿ ಮಾತ್ರೆಯ ಖರ್ಚಿಗೆ ನಿಲ್ಲುವುದಿಲ್ಲ. ಅಲ್ಲಿ ಅಮ್ಮನಿಗೆ ಎದೆನೋವು ಬಂದು ಆಸ್ಪತ್ರೆ ಸೇರಿದರೆ, 'ಇದು ಹಳೇ ಬಿಪಿಯಿಂದಲೇ ಬಂದದ್ದು' ಅಂತ ಕ್ಲೇಮ್ ತಳ್ಳಿಹಾಕಲು ಅವಕಾಶ ಇರುತ್ತದೆ. ಕೆಲವು ಪಾಲಿಸಿಗಳು ಜೀವಕ್ಕೆ ಅಪಾಯ ಇರುವ ತುರ್ತು ಚಿಕಿತ್ಸೆಗೆ ಮಾತ್ರ, ಅದೂ ಒಂದು ಸಣ್ಣ ಮಿತಿಯವರೆಗೆ ಕೊಡುತ್ತವೆ. ಇನ್ನು ಕೆಲವು, ಕಾಯಿಲೆ ಹತೋಟಿಯಲ್ಲಿದ್ದರೆ ಸರಿ ಅನ್ನುತ್ತವೆ. ಹತೋಟಿ ಅಂದರೆ ಏನು ಅಂತಲೂ ಅವರೇ ಬರೆದಿರುತ್ತಾರೆ: ಹಿಂದಿನ 60 ದಿನ, 90 ದಿನ ಅಥವಾ 180 ದಿನಗಳಲ್ಲಿ ಔಷಧಿಯಾಗಲಿ ಡೋಸ್ ಆಗಲಿ ಬದಲಾಗಿರಬಾರದು. ಹೋದ ತಿಂಗಳು ಡಾಕ್ಟರ್ ಶುಗರ್ ಮಾತ್ರೆಯನ್ನು ಅರ್ಧದಿಂದ ಒಂದಕ್ಕೆ ಏರಿಸಿದ್ದರೆ, ಅದೂ ಬದಲಾವಣೆಯ ಲೆಕ್ಕಕ್ಕೆ ಬರಬಹುದು.

ಪ್ರೀಮಿಯಂ ಜಾಸ್ತಿ ಆಗುತ್ತದೆ ಅಂತ ಕಾಯಿಲೆಯನ್ನು ಮುಚ್ಚಿಡಬೇಡಿ. ಆಸ್ಪತ್ರೆ ಫೈಲಿನ ಮೊದಲ ಹಾಳೆಯಲ್ಲೇ 'ಎಷ್ಟು ವರ್ಷದಿಂದ ಬಿಪಿ' ಅಂತ ಬರೆದಿರುತ್ತಾರೆ. ಕ್ಲೇಮ್ ನೋಡುವವರು ಓದುವುದೂ ಅದನ್ನೇ.

ಇನ್ನು ಮೊತ್ತ. ಷೆಂಗೆನ್ ವೀಸಾಗೆ (ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಒಂದೇ ವೀಸಾ) ಕನಿಷ್ಠ 30,000 ಯೂರೋ ಕವರ್ ಇರಲೇಬೇಕು ಅಂತ ನಿಯಮ ಇದೆ. ಎಷ್ಟೋ ಜನ ಅದನ್ನೇ 'ಸಾಕಾಗುವ ಮೊತ್ತ' ಅಂದುಕೊಳ್ಳುತ್ತಾರೆ. ಅದು ವೀಸಾ ಸಿಗಲು ಬೇಕಾದ ಕನಿಷ್ಠ ಅಷ್ಟೇ. ಐಸಿಯುನಲ್ಲಿ ಕೆಲವು ದಿನ ಮಲಗಿ, ಆಮೇಲೆ ಸ್ಟ್ರೆಚರ್ ಮೇಲೆ ಊರಿಗೆ ಬರಬೇಕಾದರೆ ಅದು ಬೇಗ ಕರಗಿಹೋಗುತ್ತದೆ. ಏರ್ ಆಂಬುಲೆನ್ಸ್ ಒಂದೇ ಅಷ್ಟನ್ನು ಮೀರಬಹುದು. ನಾನಾಗಿದ್ದರೆ ಇದರ ಕೆಲವು ಪಟ್ಟು ತಗೊಳ್ಳುತ್ತಿದ್ದೆ. ಜೊತೆಗೆ ಸಬ್-ಲಿಮಿಟ್ ನೋಡಿ. ವಯಸ್ಸಾದವರ ಪಾಲಿಸಿಯಲ್ಲಿ ಒಟ್ಟು ಮೊತ್ತ ದೊಡ್ಡದಾಗಿ ಕಾಣಿಸಿ, ದಿನಕ್ಕೆ ರೂಮಿಗೆ ಇಷ್ಟೇ, ಆಪರೇಷನ್‌ಗೆ ಇಷ್ಟೇ ಅಂತ ಒಳಗೆ ಕಡಿವಾಣ ಇರುವುದುಂಟು. ಮಧ್ಯೆ ಲಂಡನ್‌ಗೂ ಹೋಗುವುದಿದ್ದರೆ, ಬ್ರಿಟನ್ ಷೆಂಗೆನ್‌ನಲ್ಲಿ ಇಲ್ಲ, ದೇಶಗಳ ಪಟ್ಟಿಯನ್ನೊಮ್ಮೆ ನೋಡಿಕೊಳ್ಳಿ.

ಬ್ಯಾಗಿನ ಕವರ್‌ಗೆ ತಲೆ ಕೆಡಿಸಿಕೊಳ್ಳಬೇಡಿ. ಅಂತರರಾಷ್ಟ್ರೀಯ ವಿಮಾನದಲ್ಲಿ ಬ್ಯಾಗ್ ಕಳೆದರೆ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ವಿಮಾನ ಕಂಪನಿಯೇ ಒಂದು ಮಿತಿಯವರೆಗೆ ಹೊಣೆ. ಬ್ಯಾಗ್ ಹಾಳಾಗಿದ್ದರೆ ಕೈಗೆ ಬಂದ 7 ದಿನದೊಳಗೆ, ತಡವಾಗಿ ಬಂದರೆ 21 ದಿನದೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಬ್ಯಾಗ್ ಕಾಣದಿದ್ದರೆ ಏರ್‌ಪೋರ್ಟ್ ಬಿಡುವ ಮುಂಚೆ ಅಲ್ಲೇ ಕೌಂಟರಿನಲ್ಲಿ ರಿಪೋರ್ಟ್ ಬರೆಸಿ. ಅದಿಲ್ಲದೆ ಇನ್ಶೂರೆನ್ಸ್‌ನವರೂ ಮಾತಾಡುವುದಿಲ್ಲ. ಲ್ಯಾಪ್‌ಟಾಪ್, ಒಡವೆ, ನಗದು ಕೈಚೀಲದಲ್ಲಿರಲಿ.

ಪ್ರವಾಸ ರದ್ದಾದರೆ ಹಣ ವಾಪಸ್ ಅನ್ನುವುದೂ ಅಷ್ಟು ಸಲೀಸಲ್ಲ. ಪಾಲಿಸಿಯಲ್ಲಿ ಹೆಸರಿಸಿದ ಕಾರಣಕ್ಕೆ ಮಾತ್ರ. ಮನಸ್ಸು ಬದಲಾಯಿತು ಅಂದರೆ ಆಗುವುದಿಲ್ಲ. ವೀಸಾ ಸಿಗದಿದ್ದರೆ ಕೆಲವರು ಕೊಡುತ್ತಾರೆ, ಎಲ್ಲರೂ ಅಲ್ಲ. 2010ರಲ್ಲಿ ಐಸ್‌ಲ್ಯಾಂಡಿನ ಒಂದು ಜ್ವಾಲಾಮುಖಿ (ಅದರ ಹೆಸರು ಹೇಳುವ ಸಾಹಸ ಮಾಡುವುದಿಲ್ಲ) ಬೂದಿ ಕಾರಿ ಯುರೋಪಿನ ಬಹುಪಾಲು ವಿಮಾನಗಳು ನಿಂತಾಗ, ಬೂದಿ 'ಕೆಟ್ಟ ಹವಾಮಾನ'ದ ಲೆಕ್ಕಕ್ಕೆ ಬರುತ್ತದಾ ಅಂತಲೇ ಇನ್ಶೂರೆನ್ಸ್‌ನವರ ಜೊತೆ ಜಗಳ ನಡೆದಿತ್ತು. ಸುದ್ದಿ ಬಂದ ಮೇಲೆ ಪಾಲಿಸಿ ಕೊಂಡರೆ ಆ ಘಟನೆಗೆ ಸಾಮಾನ್ಯವಾಗಿ ಕವರ್ ಇರುವುದಿಲ್ಲ. ಹಾಗಾಗಿ ಟಿಕೆಟ್ ಮಾಡಿದ ವಾರದಲ್ಲೇ ತಗೊಳ್ಳಿ, ಹೊರಡುವ ಹಿಂದಿನ ರಾತ್ರಿ ಅಲ್ಲ.

ಬಾಡಿಗೆ ಸ್ಕೂಟರ್ ಓಡಿಸುವ ಆಸೆ ಇದ್ದರೆ ಅಲ್ಲಿ ನಡೆಯುವ ಲೈಸೆನ್ಸ್ ಇರಬೇಕು, ಕುಡಿದು ಬಿದ್ದರೆ ಏನೂ ಸಿಗುವುದಿಲ್ಲ. ಅಮ್ಮ ಜೊತೆಗಿರುವಾಗ ಎರಡೂ ಮಾಡಲಿಕ್ಕಿಲ್ಲ ಬಿಡಿ.

ಅಮ್ಮನ ಪಾಲಿಸಿ ನಂಬರ್ ಮತ್ತು 24 ಗಂಟೆಯ ಸಹಾಯವಾಣಿ ನಂಬರ್ ಒಂದು ಚೀಟಿಯಲ್ಲಿ ಬರೆದು ಅವರ ಪರ್ಸಿನಲ್ಲೇ ಇಡಿ. ಆಸ್ಪತ್ರೆಗೆ ಸೇರಿಸುವ ಮೊದಲೇ, ಆಗದಿದ್ದರೆ ಸೇರಿಸಿದ ತಕ್ಷಣ, ಆ ಸಹಾಯವಾಣಿಗೆ ಫೋನ್ ಹೋಗಬೇಕು. ಕ್ಯಾಶ್‌ಲೆಸ್, ಅಂದರೆ ಆಸ್ಪತ್ರೆಯ ಬಿಲ್ಲನ್ನು ಕಂಪನಿಯೇ ನೇರವಾಗಿ ಕಟ್ಟುವುದು, ಆಗುವುದು ಆ ಫೋನಿನಿಂದಲೇ.

ಸದ್ಯಕ್ಕೆ ಎರಡು ಮೂರು ಕಂಪನಿಗೆ ಇಷ್ಟು ಬರೆದು ಮೇಲ್ ಮಾಡಿ: 'ನಮ್ಮ ತಾಯಿಗೆ ಇಷ್ಟು ವರ್ಷದಿಂದ ಬಿಪಿ, ಶುಗರ್ ಇದೆ. ಇಂತಿಂಥ ಮಾತ್ರೆ ತಗೊಳ್ಳುತ್ತಾರೆ. ಪ್ರವಾಸದಲ್ಲಿ ಹೃದಯಾಘಾತವೋ ಪಾರ್ಶ್ವವಾಯುವೋ ಆದರೆ ಈ ಪಾಲಿಸಿ ಎಷ್ಟು ಕೊಡುತ್ತದೆ, ಯಾವ ಷರತ್ತಿನ ಮೇಲೆ?' ಫೋನಿನಲ್ಲಿ 'ಎಲ್ಲಾ ಕವರ್ ಆಗುತ್ತೆ ಮೇಡಂ' ಅಂದದ್ದನ್ನು ಲೆಕ್ಕಕ್ಕೆ ತಗೊಳ್ಳಬೇಡಿ. ಮೇಲ್‌ನಲ್ಲಿ ಉತ್ತರ ಬಂದ ಮೇಲೆ ಇಲ್ಲೇ ಕಾಮೆಂಟಿನಲ್ಲಿ ಹಾಕಿ, ಒಟ್ಟಿಗೆ ಓದೋಣ.