ಆ ಟ್ರಂಕಿನಿಂದಲೇ ಶುರು ಮಾಡಿ

ನಮಸ್ಕಾರ.

'ಸಮವಸ್ತ್ರ ತೊಡದವರ ದೇಶಪ್ರೇಮ' ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಇದನ್ನು ಕೈಬಿಡಬೇಡಿ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಸೈನ್ಯದಲ್ಲಿ ಒಂದು ದಿನವೂ ದುಡಿಯದ ರಾಜಕಾರಣಿಗೆ ದೇಶದ ಭದ್ರತೆಯ ಬಗ್ಗೆ ಮಾತಾಡುವ ಹಕ್ಕಿಲ್ಲ ಎನ್ನುತ್ತೀರಿ. ಸಿಟ್ಟು ಅರ್ಥವಾಗುತ್ತದೆ. ಆದರೆ ಈ ಅಳತೆಗೋಲಿನಿಂದ ಒಬ್ಬರನ್ನಾದರೂ ಅಳೆದು ನೋಡಿದ್ದೀರಾ?

ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಅವರನ್ನೇ ತಗೊಳ್ಳಿ. ಪಾದ್ರಿಯಾಗಲು ಹೋದವರು ಅದನ್ನು ಬಿಟ್ಟು ಮುಂಬೈಯಲ್ಲಿ ಕಾರ್ಮಿಕ ನಾಯಕರಾದರು. ಸೈನ್ಯ ಸೇರಿದವರಲ್ಲ. 1998ರಲ್ಲಿ ರಕ್ಷಣಾ ಸಚಿವರಾದ ಮೇಲೆ ಸಿಯಾಚಿನ್‌ಗೆ ಮತ್ತೆ ಮತ್ತೆ ಹೋದರು. ಅಲ್ಲಿನ ಯೋಧರಿಗೆ ಬೇಕಿದ್ದ ಹಿಮದ ಸ್ಕೂಟರ್‌ಗಳ ಫೈಲು ದೆಹಲಿಯಲ್ಲೇ ಕೂತಿದೆ ಎಂದು ಗೊತ್ತಾದಾಗ, ಅದನ್ನು ತಡೆದಿಟ್ಟ ಅಧಿಕಾರಿಗಳನ್ನೇ ಸಿಯಾಚಿನ್‌ಗೆ ಹೋಗಿ ಬರುವಂತೆ ಮಾಡಿದರು. ಇದು ಒಂದು ಕಡೆ. ಇನ್ನೊಂದು ಕಡೆ, 1999ರಲ್ಲಿ ಪಾಕಿಸ್ತಾನದವರು ಕಾರ್ಗಿಲ್ ಶಿಖರಗಳಲ್ಲಿ ಬಂದು ಕೂತದ್ದು ನಮಗೆ ತಡವಾಗಿ ತಿಳಿದದ್ದು ಅವರ ಅವಧಿಯಲ್ಲೇ. ಆಮೇಲೆ ಕಾರ್ಗಿಲ್ ಪರಾಮರ್ಶೆ ಸಮಿತಿ ಬೇಹುಗಾರಿಕೆಯ ಲೋಪಗಳನ್ನು ಬಿಡಿಸಿ ಹೇಳಿತು. ಎರಡೂ ಅವರ ಲೆಕ್ಕಕ್ಕೇ ಸೇರಬೇಕು. ನಿಮ್ಮ ಲೇಖನದಲ್ಲಿ ಇಂಥ ಲೆಕ್ಕಕ್ಕೆ ಜಾಗವೇ ಇಲ್ಲ.

ನಿಮ್ಮ ವಾದಕ್ಕೆ ಬಲ ಕೊಡುವ ಒಳ್ಳೇ ಉದಾಹರಣೆಯೂ ಇದೆ, ನೀವು ಅದನ್ನೂ ಬಿಟ್ಟಿದ್ದೀರಿ. ಬಿ.ಸಿ. ಖಂಡೂರಿ ಸೈನ್ಯದಲ್ಲಿ ಮೇಜರ್ ಜನರಲ್ ಆಗಿ ನಿವೃತ್ತರಾಗಿ, ಆಮೇಲೆ ಬಿಜೆಪಿ ಸಂಸದರಾದವರು. ಅವರು ಅಧ್ಯಕ್ಷರಾಗಿದ್ದ ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿ 2018ರ ಮಾರ್ಚ್‌ನಲ್ಲಿ ಒಂದು ವರದಿ ಕೊಟ್ಟಿತು. ಭೂಸೇನೆಯ ಶೇ 68ರಷ್ಟು ಸಾಧನಗಳು ತೀರಾ ಹಳೆಯವು ಎಂದು ಸೇನೆಯ ಉಪಮುಖ್ಯಸ್ಥರು ಹೇಳಿದ್ದು ಅದರಲ್ಲಿದೆ. ಆಗ ಇದ್ದದ್ದು ಖಂಡೂರಿಯವರದೇ ಪಕ್ಷದ ಸರ್ಕಾರ. ಅದೇ ವರ್ಷ ಅವರ ಅಧ್ಯಕ್ಷ ಸ್ಥಾನ ಹೋಯಿತು. ಸೈನಿಕನಾಗಿದ್ದವನು ಸಂಸತ್ತಿಗೆ ಹೋದರೆ ಏನು ವ್ಯತ್ಯಾಸ ಆಗಬಹುದು ಎಂದು ಹೇಳಲು ಇದಕ್ಕಿಂತ ಬೇಕಾ? ಸುಮ್ನೆ ಹಕ್ಕಿನ ಮಾತಾಡುವ ಬದಲು ಇದನ್ನು ಬರೆಯಿರಿ.

ಇನ್ನು ಬಜೆಟ್ ಭಾಗ. ರಕ್ಷಣೆಗೆ 2025-26ರಲ್ಲಿ 6.81 ಲಕ್ಷ ಕೋಟಿ ರೂಪಾಯಿ ಇಟ್ಟರು, ಹಾಗಾಗಿ ದೇಶ ಹೆಚ್ಚು ಭದ್ರ ಎಂದು ಬರೆದು ಮುಂದೆ ಹೋಗಿದ್ದೀರಿ. ಅದರಲ್ಲಿ ಸುಮಾರು 1.6 ಲಕ್ಷ ಕೋಟಿ ಪಿಂಚಣಿಗೇ ಹೋಗುತ್ತದೆ. ಹೊಸ ವಿಮಾನ, ಹಡಗು, ಫಿರಂಗಿಯಂಥವುಗಳ ಬಾಬ್ತು 1.8 ಲಕ್ಷ ಕೋಟಿ. ಪಿಂಚಣಿ ದುಡಿದವರ ಹಕ್ಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊತ್ತವನ್ನು ಒಡೆದು ತೋರಿಸದಿದ್ದರೆ ಓದುಗರಿಗೆ ಏನೂ ತಿಳಿಯುವುದಿಲ್ಲ. ಯಾವ ಸಚಿವರ ಕಾಲದಲ್ಲಿ ಯಾವುದಕ್ಕೆ ಎಷ್ಟು ಕೊಟ್ಟರು, ಅದರಲ್ಲಿ ಎಷ್ಟು ಖರ್ಚಾಗದೆ ವಾಪಸ್ ಹೋಯಿತು, ಇಷ್ಟು ಹುಡುಕಿ. ಬಜೆಟ್ ಪತ್ರಗಳು, ಸ್ಥಾಯಿ ಸಮಿತಿಯ ವರದಿಗಳು ಎಲ್ಲರಿಗೂ ಸಿಗುತ್ತವೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮೂರನೇ ಪುಟದ ಒಂದು ಪ್ಯಾರಾ. ನಿಮ್ಮ ಮಾವನ ಕಪ್ಪು ಟ್ರಂಕು. ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ಅವರ ನಂಬರು, ಒಳಗೆ ನ್ಯಾಫ್ತಲಿನ್ ಗುಳಿಗೆಯ ವಾಸನೆ, ಹಿಮ್ಮಡಿಗೆ ಬೇರೆ ಬಣ್ಣದ ನೂಲು ಹಾಕಿ ಹೊಲಿದ ಉಣ್ಣೆಯ ಕಾಲುಚೀಲ. ಐದೇ ಸಾಲು ಬರೆದು ಮತ್ತೆ ಭಾಷಣಕ್ಕೆ ಇಳಿದುಬಿಟ್ಟಿರಿ. ಆ ಕಾಲುಚೀಲಕ್ಕೆ ಹೊಲಿಗೆ ಹಾಕಿದ್ದು ಯಾರು? ಹೊಸದು ಯಾಕೆ ಬರಲಿಲ್ಲ? ಆಗ ರಕ್ಷಣಾ ಸಚಿವರು ಯಾರಿದ್ದರು? ಮಾವನ ಜೊತೆ ಒಂದು ಮಧ್ಯಾಹ್ನ ಕೂತು ಕೇಳಿ. ನೋಟ್‌ಬುಕ್ ಇಟ್ಟುಕೊಳ್ಳಿ, ಅವರು ಹೇಳಿದ ಇಸವಿಗಳನ್ನು ದಾಖಲೆಯ ಜೊತೆ ತಾಳೆ ನೋಡಿ.

ಲೇಖನ ಆ ಟ್ರಂಕಿನಿಂದಲೇ ಶುರುವಾಗಲಿ. ಈಗಿನ ಮೊದಲ ಎರಡು ಪುಟ ಪೂರ್ತಿ ತೆಗೆಯಿರಿ. ಒಂದೂವರೆ ಸಾವಿರ ಪದ ಸಾಕು. ಯಾವಾಗ ಕಳಿಸಿದರೂ ನಾನೇ ಓದುತ್ತೇನೆ.

ಪ್ರೀತಿಯಿಂದ,
ಸಂಪಾದಕ