ಫೋನ್ ರಿಂಗಾದರೆ ಎದೆ ಢವಢವ: ಕೆಲಸ ಹುಡುಕುವವಳ ಆತಂಕ

(ಆಪ್ತಸಲಹೆ ಪ್ರಕರಣ. ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಆಕೆಗೆ 22 ವರ್ಷ. ಹಾಸನ ಜಿಲ್ಲೆಯವಳು. ಬಿ.ಕಾಂ ಮುಗಿಸಿ ವರ್ಷವಾಗುತ್ತ ಬಂದಿತ್ತು. ಟ್ಯಾಲಿ (ಕಂಪ್ಯೂಟರಿನಲ್ಲಿ ಲೆಕ್ಕ ಇಡುವ ಸಾಫ್ಟ್‌ವೇರ್), ಜಿಎಸ್‌ಟಿ ಕೋರ್ಸ್ ಮಾಡಿಕೊಂಡು, ಬೆಂಗಳೂರಿನ ವಿಜಯನಗರದ ಪಿಜಿಯಲ್ಲಿದ್ದು ಕೆಲಸ ಹುಡುಕುತ್ತಿದ್ದಳು. ಖರ್ಚೆಲ್ಲ ಅಪ್ಪನದು. ಊರಲ್ಲಿ ಅವರದೊಂದು ಸಣ್ಣ ದಿನಸಿ ಅಂಗಡಿ. ನಿದ್ದೆ ಬರಲ್ಲ, ಹೊಟ್ಟೆ ಕೆಡುತ್ತೆ, ಓದಿದ್ದೆಲ್ಲ ಮರೆತೇ ಹೋಗಿದೆ ಅನ್ಸುತ್ತೆ ಎಂದು ಬಂದಿದ್ದಳು.

ಮಾತಾಡುತ್ತ ಹೋದಂತೆ ಬೇರೆಯದೇ ಸಂಗತಿ ಹೊರಬಂತು. ಗೊತ್ತಿಲ್ಲದ ನಂಬರ್‌ನಿಂದ ಕರೆ ಬಂದರೆ ಆಕೆ ಎತ್ತುತ್ತಿರಲಿಲ್ಲ. ಫೋನನ್ನು ದಿಂಬಿನ ಕೆಳಗೆ ತಳ್ಳಿ, ರಿಂಗ್ ನಿಲ್ಲುವವರೆಗೆ ಉಸಿರು ಬಿಗಿಹಿಡಿದು ಕೂರುತ್ತಿದ್ದಳು. ನಿಂತ ಕೂಡಲೇ ಹೋದ ಜೀವ ಬಂದಂತೆ. ಸ್ವಲ್ಪ ಹೊತ್ತಿಗೆ "ಅಯ್ಯೋ, ಅದು ಎಚ್‌ಆರ್ ಆಗಿದ್ರೆ?" ಎಂಬ ಕೊರಗು ಶುರು. ಮೇಲ್ ವಿಷಯವೂ ಹೀಗೇ. ತೆಗೆದರೆ 'ಆಯ್ಕೆಯಾಗಿಲ್ಲ' ಅಂತಿರುತ್ತೆ ಎಂಬ ಭಯಕ್ಕೆ ಎರಡು ವಾರ ತೆಗೆದೇ ಇರಲಿಲ್ಲ. ರಾತ್ರಿ ಮಾತ್ರ ಎರಡು ಗಂಟೆವರೆಗೆ ಲಿಂಕ್ಡ್‌ಇನ್‌ನಲ್ಲಿ ಜೊತೆಯವರ ಹೊಸ ಕೆಲಸದ ಪೋಸ್ಟ್ ನೋಡುವುದು.

ಇದು ಸೋಮಾರಿತನ ಅಲ್ಲ. ಮನೆಯವರು ಹಾಗಂದುಕೊಂಡು ಬೈದರೆ ಇನ್ನೂ ಕೆಡುತ್ತದೆ. ತಪ್ಪಿಸಿಕೊಂಡಾಗ ಸಿಗುವ ಆ ಕ್ಷಣದ ನಿರಾಳವೇ ಭಯಕ್ಕೆ ಗೊಬ್ಬರ. ಕರೆ ಎತ್ತದೆ ಪಾರಾದೆ ಎಂದು ಮನಸ್ಸು ಕಲಿಯುತ್ತದೆ. ಎತ್ತಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ಕಲಿಯಲು ಅದಕ್ಕೆ ಅವಕಾಶವೇ ಸಿಗುವುದಿಲ್ಲ.

ಬೇರೆ ಏನೂ ಹೇಳುವ ಮೊದಲು, ಸಾಯುವ ಯೋಚನೆ ಬಂದಿದೆಯಾ ಎಂದು ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ತುಂಬಾ ಜನ ಹೆದರುತ್ತಾರೆ. ಹಾಗಾಗುವುದಿಲ್ಲ, ಕೇಳಲೇಬೇಕು. ಆಕೆಗೆ ಅಂಥ ಯೋಚನೆ ಇರಲಿಲ್ಲ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಫೋನಿನಲ್ಲಿ ಸೇವ್ ಮಾಡಿಸಿದೆ. ದಿನದ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಸುಸ್ತು, ಎದೆಬಡಿತ ಇದ್ದದ್ದರಿಂದ ಡಾಕ್ಟರ ಹತ್ತಿರ ಹೋಗಿ ಥೈರಾಯ್ಡ್, ರಕ್ತಹೀನತೆ ಪರೀಕ್ಷೆ ಮಾಡಿಸಲೂ ಹೇಳಿದೆ.

ಆಮೇಲೆ ಫೋನಿನ ಕೆಲಸ. ಒಂದೇ ಸಲಕ್ಕೆ ಎಲ್ಲಾ ಕರೆ ಎತ್ತು ಅಂದರೆ ಆಗುವುದಿಲ್ಲ. ಮೊದಲು ರೂಂಮೇಟ್ ಬೇರೆ ನಂಬರ್‌ನಿಂದ ಎಚ್‌ಆರ್ ಥರ ಕರೆ ಮಾಡಬೇಕು. ಅದು ಸಲೀಸಾದ ಮೇಲೆ ಕಾಲೇಜಿನ ಲೆಕ್ಚರರ್‌ಗೆ ಇವಳೇ ಕರೆ ಮಾಡಬೇಕು. ಕೊನೆಗೆ, ಮಿಸ್ ಆದ ನಂಬರ್‌ಗಳಿಗೆ. ಏನು ಹೇಳಬೇಕು ಅಂತ ಒಂದು ಚೀಟಿಯಲ್ಲಿ ಬರೆದುಕೊಂಡೆವು: "ನಮಸ್ಕಾರ, ಈ ನಂಬರ್‌ನಿಂದ ನನಗೆ ಕರೆ ಬಂದಿತ್ತು. ನಾನು ಅಕೌಂಟ್ಸ್ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಈಗ ಮಾತಾಡಬಹುದಾ?" ಕೈ ನಡುಗಿದರೆ ನಡುಗಲಿ, ಚೀಟಿ ನೋಡಿಕೊಂಡೇ ಓದಿ ಅಂದೆ. ಕರೆಗೆ ಮೊದಲು ಉಸಿರು ಎಳೆದದ್ದಕ್ಕಿಂತ ನಿಧಾನವಾಗಿ ಬಿಡಬೇಕು. ವಾಪಸ್ ಮಾಡಿದ ಮೊದಲ ಕರೆ ಲೋನ್ ಕೊಡುವವರದಾಗಿತ್ತು! ಇಷ್ಟು ದಿನ ಹೆದರಿದ್ದು ಇವರಿಗಾ ಅಂತ ಆಕೆಗೇ ನಗು ಬಂತು.

ಹುಡುಕುವ ಹೊತ್ತನ್ನೂ ಕಟ್ಟಿಹಾಕಿದೆವು. ಬೆಳಿಗ್ಗೆ 10ರಿಂದ 1ರವರೆಗೆ ಮೇಲ್ ನೋಡುವುದು, ಅರ್ಜಿ ಹಾಕುವುದು. ಅಷ್ಟೇ. ರಾತ್ರಿ ಹತ್ತಾದ ಮೇಲೆ ಫೋನ್ ಮಂಚದಿಂದ ದೂರ. ಮಧ್ಯಾಹ್ನಕ್ಕೆ ಏನು ಎಂದು ಕೇಳಿದಾಗ ಅಪ್ಪನ ಅಂಗಡಿಯ ಲೆಕ್ಕದ ವಿಷಯ ಬಂತು. ಅವರು ಇನ್ನೂ ಪುಸ್ತಕದಲ್ಲೇ ಬರೆಯುತ್ತಾರಂತೆ. ಅದರ ಫೋಟೋ ತರಿಸಿಕೊಂಡು ದಿನವೂ ಟ್ಯಾಲಿಗೆ ಹಾಕಿ ಎಂದೆ. ಕಲಿತದ್ದು ಮರೆತಿಲ್ಲ ಎಂದು ನಾನು ಎಷ್ಟು ಸಲ ಹೇಳಿದರೂ ನಂಬದವಳು, ಉದ್ರಿ ಬಾಕಿ ತಾಳೆಯಾದ ದಿನ ನಂಬಿದಳು.

ಅಮ್ಮ ದಿನಕ್ಕೆರಡು ಸಲ ಫೋನ್ ಮಾಡಿ "ಏನಾಯ್ತು ಪುಟ್ಟಾ?" ಅನ್ನುತ್ತಿದ್ದರು. ಪ್ರೀತಿಯ ಮಾತೇ. ಆದರೆ ಪ್ರತಿ ಸಲವೂ ಅದು ಹಾಜರಿ ಕೂಗಿದ ಹಾಗೆ ಕೇಳಿಸುತ್ತಿತ್ತು. ಕೆಲಸದ ಸುದ್ದಿ ಭಾನುವಾರ ನಾನೇ ಹೇಳ್ತೀನಿ, ಉಳಿದ ದಿನ ಬೇರೆ ಮಾತಾಡೋಣ ಎಂದು ಅಮ್ಮನಿಗೆ ಹೇಳಿಸಿದೆವು. ಮದುವೆ ಮನೆಯಲ್ಲಿ ಕೇಳುವ ನೆಂಟರಿಗೆ "ಹುಡುಕ್ತಿದ್ದೀನಿ ಅತ್ತೆ, ಸಿಕ್ಕಿದ್ಮೇಲೆ ಹೇಳ್ತೀನಿ" ಅಷ್ಟು ಸಾಕು.

ದುಡ್ಡಿನ ವಿಷಯಕ್ಕೆ ನಾನು ಖಡಾಖಂಡಿತ. ಕನ್ಸಲ್ಟೆನ್ಸಿಯೊಂದು ಕೆಲಸ ಖಾತ್ರಿ, 15,000 ಡೆಪಾಸಿಟ್ ಕಟ್ಟಿ ಎಂದಿತ್ತು. ಹೆದರಿದವರು ಇಂಥ ಮಾತಿಗೆ ಬೇಗ ಬೀಳುತ್ತಾರೆ. ಕೆಲಸ ಕೊಡುವವರು ಮೊದಲು ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಕಟ್ಟಿಬಿಟ್ಟಿದ್ದು ಆನ್‌ಲೈನ್ ಮೋಸವಾಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಇನ್ನು ರಾಜ್ಯ ಸರ್ಕಾರದ ಯುವನಿಧಿ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆ ಸಿಕ್ಕ ಈ ಯೋಜನೆಯಲ್ಲಿ, ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ 2 ವರ್ಷ. ಅರ್ಜಿ ಹಾಕಿದರೆ ನಿರುದ್ಯೋಗಿ ಅಂತ ಮುದ್ರೆ ಬಿದ್ದ ಹಾಗೆ ಎಂದು ಆಕೆ ಸುಮ್ಮನಿದ್ದಳು. ಓಡಾಟದ ಖರ್ಚಾದರೂ ಕಳೆಯುತ್ತೆ ಅಲ್ವಾ? ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ತನಗೆ ಅನ್ವಯಿಸುತ್ತದಾ ನೋಡಿ ಅರ್ಜಿ ಹಾಕಿದಳು.

ಕೆಲಸ ಇನ್ನೂ ಸಿಕ್ಕಿಲ್ಲ. ನಿದ್ದೆ ಬರುತ್ತಿದೆ, ಕರೆ ಎತ್ತುತ್ತಾಳೆ, ಇಂಟರ್‌ವ್ಯೂಗಳಿಗೆ ಹೋಗುತ್ತಿದ್ದಾಳೆ. "ಡಿಗ್ರಿ ಆದ್ಮೇಲೆ ಒಂದು ವರ್ಷ ಏನು ಮಾಡಿದ್ರಿ?" ಎಂಬ ಪ್ರಶ್ನೆಗೆ ಮಾತ್ರ ಪ್ರತಿ ಸಲ ನಾಲಿಗೆ ಒಣಗುತ್ತದೆ. ಈಗ ಅದಕ್ಕೇ ಉತ್ತರ ಅಭ್ಯಾಸ ಮಾಡುತ್ತಿದ್ದೇವೆ: "ಟ್ಯಾಲಿ, ಜಿಎಸ್‌ಟಿ ಕಲಿತೆ. ನಮ್ಮ ತಂದೆಯ ಅಂಗಡಿ ಲೆಕ್ಕ ಪೂರ್ತಿ ಟ್ಯಾಲಿಗೆ ತಂದಿದ್ದೀನಿ. ಬೇಕಿದ್ರೆ ತೋರಿಸ್ತೀನಿ ಸರ್."