‘ಈ ಕೈಯಲ್ಲಿ ಹೂ ಕಟ್ಟಬೇಕಲ್ಲ ಮೇಡಂ’

ಶಾರದಮ್ಮ (ಹೆಸರು, ವಿವರ ಬದಲಿಸಿದೆ) ದೇವಸ್ಥಾನದ ಬೀದಿಯಲ್ಲಿ ಹೂ ಮಾರುವವರು. ವಯಸ್ಸು ಐವತ್ತು ದಾಟಿದೆ, ಸಕ್ಕರೆ ಕಾಯಿಲೆ ಹಳೆಯದು. ಕೂತಲ್ಲೇ ಹನಿಹನಿ ಸೋರುತ್ತದೆಂದು ಬಹುಕಾಲ ಬಟ್ಟೆ ಇಟ್ಟುಕೊಂಡು ಓಡಾಡಿದ್ದರು. ಸ್ಕ್ಯಾನಿಂಗ್‌ನಲ್ಲಿ ಕಂಡದ್ದೇ ಬೇರೆ: ಒಂದಕ್ಕೆ ಹೋಗಿ ಬಂದ ಮೇಲೂ ಮೂತ್ರಕೋಶದಲ್ಲಿ 600 ಮಿ.ಲೀ. ಉಳಿದಿತ್ತು. ನರಗಳು ಸೋತು, ತುಂಬಿದ್ದೂ ತಿಳಿಯದು, ಹಿಂಡಿ ಹೊರಹಾಕುವ ಬಲವೂ ಇಲ್ಲ. ಸೋರುತ್ತಿದ್ದದ್ದು ತುಂಬಿ ಚೆಲ್ಲಿದ ಮೂತ್ರ.

ಪೈಪು ಹಾಕಿ, ಚೀಲ ಕಟ್ಟಿ ಮನೆಗೆ ಕಳಿಸಿದರು. ಆಮೇಲೆ ಅವರು ವ್ಯಾಪಾರಕ್ಕೆ ಹೋಗಲೇ ಇಲ್ಲ. ದಿನಕ್ಕೆ ನಾಲ್ಕೈದು ಸಲ ತಾವೇ ತೆಳ್ಳನೆಯ ಕೊಳವೆ (ಕ್ಯಾತಿಟರ್) ಹಾಕಿ ಮೂತ್ರ ತೆಗೆದುಬಿಡಿ, ಚೀಲ ಬೇಡ ಎಂದು ವೈದ್ಯರು ಹೇಳಿದಾಗ ಒಪ್ಪಲಿಲ್ಲ. ಅದಕ್ಕೇ, ಮಾತಾಡಿ ಒಪ್ಪಿಸಲೆಂದು ನನ್ನ ಬಳಿ ಕಳಿಸಿದ್ದು.

ಜೊತೆಗೆ ಬಂದ ಸೊಸೆ, “ಚೀಲವೇ ಇರಲಿ ಬಿಡಿ ಮೇಡಂ, ಅತ್ತೆಗೂ ರಗಳೆ ಇಲ್ಲ” ಎಂದಳು. ರಗಳೆ ಇಲ್ಲದಿರುವುದು ಯಾರಿಗೆ ಎಂದು ನನಗನ್ನಿಸಿತು. ಅವಳನ್ನು ಹೊರಗೆ ಕೂರಿಸಿ, ಅತ್ತೆಯನ್ನು ಮಾತಾಡಿಸಿದೆ. ತುಂಬ ಹೊತ್ತಿನ ಮೇಲೆ ಶಾರದಮ್ಮ ಬಾಯಿಬಿಟ್ಟರು: “ಅಲ್ಲೆಲ್ಲ ಮುಟ್ಟಿ, ಮತ್ತೆ ಈ ಕೈಯಲ್ಲಿ ದೇವರ ಹೂ ಕಟ್ಟಬೇಕಲ್ಲ ಮೇಡಂ?”

ಮಡಿ-ಮೈಲಿಗೆಯ ವಾದಕ್ಕೆ ನಾನು ಇಳಿಯಲಿಲ್ಲ. ಬೆಳಿಗ್ಗೆ ಎರಡಕ್ಕೆ ಹೋಗಿ ಬಂದ ಮೇಲೆ ಏನು ಮಾಡ್ತೀರಿ ಅಂತಷ್ಟೇ ಕೇಳಿದೆ. “ಸೋಪು ಹಾಕಿ ಕೈ ತೊಳೆದು ಕೂತ್ಕೋತೀನಿ.” ಇದಕ್ಕೂ ಅದೇ ಸಾಕು ಅಂದೆ, ಹಾಕುವ ಮೊದಲೂ ತೊಳೆಯಬೇಕು, ಅದೊಂದು ಹೆಚ್ಚು. ಆಪರೇಷನ್ ಕೋಣೆಯ ಶುದ್ಧಿ ಬೇಕಿಲ್ಲ, ಸ್ವಚ್ಛ ಕೈ ಸಾಕು ಎಂದು ಅಮೆರಿಕದ ವೈದ್ಯ ಜ್ಯಾಕ್ ಲ್ಯಾಪಿಡೀಸ್ 1972ರಲ್ಲೇ ತೋರಿಸಿದ್ದರು. ಹೊತ್ತುಹೊತ್ತಿಗೆ ಪೂರ್ತಿ ಖಾಲಿಯಾಗುವುದೇ ಮುಖ್ಯ.

ಕಲಿಸಿದ್ದು ನಮ್ಮ ಸಿಸ್ಟರ್. ಹೆಂಗಸರ ಮೂತ್ರನಾಳ ಸುಮಾರು 4 ಸೆಂ.ಮೀ. ಅಷ್ಟೇ. ಮೊದಮೊದಲು ಕನ್ನಡಿ ಇಟ್ಟುಕೊಂಡು, ಆಮೇಲೆ ಬೆರಳಿನ ಅಂದಾಜಿನಲ್ಲಿ ರಂಧ್ರ ಗುರುತಿಸಬಹುದು. ತಪ್ಪಿ ಯೋನಿಯೊಳಗೆ ಹೋದರೆ ಗಾಬರಿ ಬೇಡ. ಅದನ್ನು ಅಲ್ಲೇ ಗುರುತಿಗೆ ಬಿಟ್ಟು, ಹೊಸದೊಂದನ್ನು ಸ್ವಲ್ಪ ಮೇಲಕ್ಕೆ ಹಾಕಬೇಕು. ಶಾರದಮ್ಮನಿಗೆ ಧೈರ್ಯ ಬಂದದ್ದು ಈ ಮಾತಿನಿಂದ. ಒಂದು ಸಲ ತೆಗೆಯುವ ಮೂತ್ರ 400–500 ಮಿ.ಲೀ. ಮೀರುತ್ತಿದ್ದರೆ ಸರದಿ ಹೆಚ್ಚಿಸಬೇಕು. ಶೌಚಾಲಯ ದೂರವೆಂದು ನೀರು ಕುಡಿಯುವುದನ್ನು ಬಿಡಬಾರದು. ಶಾರದಮ್ಮ ಹಾಗೆ ನೀರು ಬಿಡುತ್ತಿದ್ದರು.

ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ ‘ಇನ್‌ಫ್ಲೋ’ ಬಗ್ಗೆ ಕೇಳಿದ. ಮೂತ್ರನಾಳದೊಳಗೇ ಕೂರುವ ಪುಟ್ಟ ಕವಾಟ-ಪಂಪು ಅದು. ಕೈಯಲ್ಲಿ ಹಿಡಿಯುವ ಅಯಸ್ಕಾಂತದ ರಿಮೋಟಿನಿಂದ ನಡೆಯುತ್ತದೆ. ಅಮೆರಿಕದಲ್ಲಿ 2014ರಲ್ಲಿ ಅನುಮತಿ ಸಿಕ್ಕಿದೆ. ಆದರೆ ಅಳತೆ ನೋಡಿ ಕೂರಿಸಬೇಕು, 29 ದಿನದೊಳಗೆ ಬದಲಿಸಬೇಕು, ಕೆಲವರಿಗೆ ಕಿರಿಕಿರಿ, ಸೋರಿಕೆ ಆಗಿ ತೆಗೆಸಿದ್ದೂ ಇದೆ. ತಿಂಗಳಿಗೊಮ್ಮೆ ಅದನ್ನು ಬದಲಿಸಿಕೊಡುವವರು ಅಮ್ಮನ ಊರಿನ ಹತ್ತಿರ ಯಾರಿದ್ದಾರೆ ನೋಡಪ್ಪ, ಆಮೇಲೆ ಯೋಚಿಸೋಣ ಅಂದೆ. ಆಸೆಪಟ್ಟ ಮಗನಿಗೆ ಇಷ್ಟು ಒಣ ಉತ್ತರ ಕೊಟ್ಟದ್ದು ಸರಿಯೆಂದೇ ನನ್ನ ಭಾವನೆ.

ಈಗ ಅವರು ಮತ್ತೆ ಹೂವಿನ ಬುಟ್ಟಿಯ ಮುಂದೆ ಕೂರುತ್ತಿದ್ದಾರೆ. ಕ್ಯಾತಿಟರ್ ಒಂದು ಸಲಕ್ಕೊಂದೇ ಬಳಸುವುದು ಒಳ್ಳೆಯದು. ಖರ್ಚು ತೂಗದಿದ್ದರೆ ತಾವೇ ಏನೋ ಉಪಾಯ ಮಾಡದೆ ವೈದ್ಯರನ್ನು ಕೇಳಿ ಎಂದಿದ್ದೇನೆ. ಮೂತ್ರ ಸ್ವಲ್ಪ ಕದಡಿದಂತೆ ಕಂಡ ಮಾತ್ರಕ್ಕೆ ಆಂಟಿಬಯಾಟಿಕ್ ನುಂಗುವುದು ಬೇಡ. ಆದರೆ ಚಳಿಜ್ವರ, ಪಕ್ಕೆನೋವು, ಮೂತ್ರದಲ್ಲಿ ರಕ್ತ ಕಂಡರೆ ತಡಮಾಡದೆ ಬರಬೇಕು. ಈ ಲಕ್ಷಣಗಳನ್ನು ಮನೆಯಲ್ಲಿ ಇನ್ನೊಬ್ಬರಿಗಾದರೂ ಹೇಳಿಡಿ ಎಂದಾಗ ಮಾತ್ರ ಸುಮ್ಮನಾದರು. ಗಂಡನಿಗೆ ಬೇಡ, ಸೊಸೆಗೆ ಹೇಳ್ತೀನಿ ಅಂದಿದ್ದಾರೆ. ಮುಂದಿನ ಸಲ ಅತ್ತೆ-ಸೊಸೆ ಇಬ್ಬರನ್ನೂ ಒಟ್ಟಿಗೆ ಬರಹೇಳಿದ್ದೇನೆ.